ಉಚಿತ ಬೆಳಕಿಗೂ ಬೆಲೆಯುಂಟು



ಕುಟುಂಬ ಭೇಟಿಗೆಂದು ಹೋದ ಒಂದು ಮನೆಯಲ್ಲಿ ಯಾರೂ ಇಲ್ಲದ ಕೋಣೆಯ ಫ್ಯಾನು ತಿರುಗುತ್ತಿತ್ತು. "ಆರಿಸಲೇನಮ್ಮಾ?" ಎಂದೆ. "ಇರಲಿ ಬಿಡಿ ಫಾದರ್, ಗೃಹಜ್ಯೋತಿ ಬಂದ ಮೇಲೆ ನಮಗೆ ಬಿಲ್ಲೇ ಇಲ್ಲ" ಎಂದು ಆ ತಾಯಿ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ನನ್ನ ಹಿಂದೆಯೇ ಗುರುಮನೆಯವರೆಗೂ ಬಂತು.

2023ರಲ್ಲಿ ಆರಂಭವಾದ ಈ ಯೋಜನೆ ಎಷ್ಟೋ ಬಡ ಕುಟುಂಬಗಳ ಭಾರ ಇಳಿಸಿದೆ, ನಿಜ. ಆದರೆ ಬಿಲ್ಲು ಸೊನ್ನೆಯಾದರೆ ಬೆಲೆಯೂ ಸೊನ್ನೆಯಾಯಿತೇ? ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕಿಲೋಗೂ ಹೆಚ್ಚು ಕಲ್ಲಿದ್ದಲು ಉರಿಯಬೇಕು. 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಸಾವಿರಾರು ಕುಟುಂಬಗಳ ಮನೆ, ಗದ್ದೆ, ತೋಟ ನೀರಿನಡಿ ಸೇರಿದವು. ನಾವು ಕೊಡದ ಬೆಲೆಯನ್ನು ಬೇರೆ ಯಾರೋ ಕೊಟ್ಟಿದ್ದಾರೆ.

ಐದು ರೊಟ್ಟಿಗಳ ಅದ್ಭುತವನ್ನು ನೆನೆಯಿರಿ. ಅಂದು ರೊಟ್ಟಿಗೆ ಯಾರೂ ಕಾಸು ಕೊಟ್ಟಿರಲಿಲ್ಲ. ಬೇಕೆಂದರೆ ಪ್ರಭು ಮತ್ತಷ್ಟು ಕೊಡಬಲ್ಲವರಾಗಿದ್ದರು. ಆದರೂ ಮಿಕ್ಕ ತುಂಡುಗಳನ್ನು ಶಿಷ್ಯರಿಂದ ಕೂಡಿಸಿಟ್ಟರು. ಹನ್ನೆರಡು ಬುಟ್ಟಿ ತುಂಬಿತು. ಉಚಿತವಾಗಿ ಬಂದದ್ದನ್ನು ಚೆಲ್ಲಬಾರದು ಎಂಬುದೇ ಇದರ ಪಾಠ. 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್‌ರವರು ಬೇಡದ ದೀಪ ಆರಿಸುವಂಥ ಸಣ್ಣ ಕೆಲಸವನ್ನೂ ಸೃಷ್ಟಿಯ ಪಾಲನೆಯಲ್ಲಿ ಸೇರಿಸಿದರು.

ಹಾಗಾದರೆ ಮನೆಯಲ್ಲಿ ಏನು ಮಾಡೋಣ?

ಬಲ್ಬು: 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ.

ಫ್ಯಾನು: ಹಳೆಯ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕು, ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ಸಾಕು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ.

ಗೀಸರ್: 2000 ವ್ಯಾಟಿನ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ನುಂಗುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ ಕೂಡಲೇ ಆರಿಸಿ.

ಫ್ರಿಜ್ಜು: ಹಗಲಿರುಳೂ ದುಡಿಯುವ ಯಂತ್ರವಿದು. ಕೊಳ್ಳುವಾಗ ಬೆಲೆಯ ಜೊತೆ ನಕ್ಷತ್ರಗಳನ್ನೂ ಎಣಿಸಿ. ಬಿಸಿ ಸಾರನ್ನು ಆರಿಸಿ ಒಳಗಿಡಿ. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರು ಸಡಿಲವಾಗಿದೆ ಎಂದರ್ಥ.

ಇವನ್ನೆಲ್ಲ ಸಾಲ ಮಾಡಿ ಒಂದೇ ದಿನ ಬದಲಿಸಬೇಕಿಲ್ಲ. ಕೆಟ್ಟುಹೋದಾಗ ಒಳ್ಳೆಯದನ್ನು ತನ್ನಿ. ಉಳಿತಾಯವೆಂದರೆ ಕತ್ತಲಲ್ಲಿ ಕೂರುವುದೂ ಅಲ್ಲ. ಓದುವ ಮಗುವಿಗೆ, ರಾತ್ರಿ ಏಳುವ ಅಜ್ಜಿಗೆ ಬೆಳಕು ಬೇಕೇ ಬೇಕು. ಯಾರೂ ಇಲ್ಲದ ಕೋಣೆಗೆ ಮಾತ್ರ ಬೇಡ.

ಇಂದು ರಾತ್ರಿ ಜಪಮಾಲೆ ಮುಗಿದ ಮೇಲೆ ಮಕ್ಕಳೊಡನೆ ಮನೆಯನ್ನು ಒಂದು ಸುತ್ತು ಬನ್ನಿ. ಬೇಡದ ಸ್ವಿಚ್ಚುಗಳನ್ನು ಅವರ ಕೈಯಿಂದಲೇ ಆರಿಸಿ. ಆ ಬೆಳಕಿಗಾಗಿ ಮನೆಮಠ ಕಳೆದುಕೊಂಡವರನ್ನು ಒಂದು ಕ್ಷಣ ನೆನೆಯಿರಿ. ಅದೂ ಒಂದು ಪ್ರಾರ್ಥನೆಯೇ.