ವಾರಕ್ಕೆ ನಾಲ್ಕು ದಿನ ದುಡಿದರೆ ಸಾಕೇ?

ಒಬ್ಬ ನೌಕರ ಏಳು ದಿನಗಳಲ್ಲಿ ಎಷ್ಟು ದಿನ, ಎಷ್ಟು ಗಂಟೆ ದುಡಿಯಬೇಕು ಎಂಬುದೇ ಕೆಲಸದ ವಾರದ ಲೆಕ್ಕ. 1926ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ತಮ್ಮ ಕಾರ್ಖಾನೆಗಳಲ್ಲಿ ಐದು ದಿನದ ವಾರ ತಂದರು. ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಕಾಯ್ದೆ ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು. ಈಗ ಹಲವು ದೇಶಗಳಲ್ಲಿ ನಾಲ್ಕು ದಿನದ ವಾರದ ಮಾತು ನಡೆದಿದೆ. ನಮ್ಮಲ್ಲಿ 2023ರಲ್ಲಿ ನಾರಾಯಣ ಮೂರ್ತಿ ಅವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೊಡ್ಡ ಚರ್ಚೆಯಾಯಿತು. ನಾಳೆ ಕೆಲಸಕ್ಕೆ ಸೇರುವವರು ನಾವೇ. ಆದ್ದರಿಂದ ಎರಡೂ ಕಡೆ ನೋಡೋಣ.

ಅನುಕೂಲಗಳು

1. ಆಯಾಸ ಕಡಿಮೆಯಾಗುತ್ತದೆ. ನಮ್ಮ ವ್ಯವಹಾರ ಅಧ್ಯಯನದ ಪಾಠದಲ್ಲಿ ಟೇಲರ್ ಅವರ ಆಯಾಸ ಅಧ್ಯಯನ ಬರುತ್ತದೆ. ದಣಿದ ಕೆಲಸಗಾರನ ಕೆಲಸ ನಿಧಾನವಾಗುತ್ತದೆ, ವಿರಾಮ ಸಿಕ್ಕರೆ ಮತ್ತೆ ಚುರುಕಾಗುತ್ತದೆ.

2. ಉತ್ಪಾದನೆ ಇಳಿಯಲೇಬೇಕೆಂದಿಲ್ಲ. 2022ರಲ್ಲಿ ಬ್ರಿಟನ್ನಿನ 61 ಸಂಸ್ಥೆಗಳು ಸುಮಾರು 2,900 ನೌಕರರ ಸಂಬಳ ಕಡಿತ ಮಾಡದೆ ಕೆಲಸದ ಸಮಯ ಇಳಿಸಿ ಆರು ತಿಂಗಳು ಪ್ರಯೋಗ ಮಾಡಿದವು. ಕೊನೆಗೆ 56 ಸಂಸ್ಥೆಗಳು ಅದನ್ನು ಮುಂದುವರಿಸಲು ಒಪ್ಪಿದವು.

3. ಮನೆಗೆ ಮತ್ತು ಓದಿಗೆ ಸಮಯ ಸಿಗುತ್ತದೆ. ನಮ್ಮ ಆಪಾ ವಾರಕ್ಕೆ ಆರು ದಿನ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಭಾನುವಾರ ಬಟ್ಟೆ ಒಗೆಯುವುದರಲ್ಲೇ ಮುಗಿಯುತ್ತದೆ. ದೂರಶಿಕ್ಷಣದ ಬಿ.ಕಾಂ. ಪುಸ್ತಕಗಳು ಕಪಾಟಿನಲ್ಲೇ ಇವೆ.

ಅನಾನುಕೂಲಗಳು

1. ಎಲ್ಲ ಕೆಲಸಕ್ಕೂ ಹೊಂದುವುದಿಲ್ಲ. ಆಸ್ಪತ್ರೆ, ಬಸ್ಸು ಪ್ರತಿದಿನವೂ ನಡೆಯಬೇಕು. ಅಲ್ಲಿ ರಜೆ ಹೆಚ್ಚಿಸಿದರೆ ಹೊಸಬರನ್ನು ನೇಮಿಸಬೇಕು, ವೇತನದ ವೆಚ್ಚ ಏರುತ್ತದೆ.

2. ಹೆಸರಿಗೆ ಮಾತ್ರ ಕಡಿಮೆಯಾಗಬಹುದು. 48 ಗಂಟೆಗಳನ್ನೇ ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ 12 ಗಂಟೆ ಬರುತ್ತದೆ. ಬೆಲ್ಜಿಯಂ 2022ರಲ್ಲಿ ಕೊಟ್ಟ ನಾಲ್ಕು ದಿನದ ಅವಕಾಶವೂ ಇಂಥದ್ದೇ. ಅಲ್ಲಿ ದಿನ ಕಡಿಮೆಯಾಯಿತು, ಗಂಟೆ ಕಡಿಮೆಯಾಗಲಿಲ್ಲ.

3. ಪೀಸ್ ರೇಟಿನವರಿಗೆ ನಷ್ಟ. ನಮ್ಮ ಅಬ್ಬಾ ಟೈಲರಿಂಗ್ ಅಂಗಡಿಯಲ್ಲಿ ಹೊಲಿಯುತ್ತಾರೆ. ಒಂದು ಶರ್ಟಿಗೆ ಇಷ್ಟು ಎಂದು ಕೂಲಿ. ಅಂಗಡಿ ಒಂದು ದಿನ ಮುಚ್ಚಿದರೆ ಆ ದಿನದ ದುಡ್ಡು ಇಲ್ಲ. ಈ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ರಜೆಯ ದಿನದ ಕೂಲಿ ಯಾರು ಕೊಡುತ್ತಾರೆ ಬೇಟಾ?"

ನನ್ನ ಅಭಿಪ್ರಾಯ

ಈ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರ ಹುಡುಕಬಹುದು. ಒಬ್ಬರು ಆರು ದಿನದಲ್ಲಿ 60 ಶರ್ಟು ಹೊಲಿಯುತ್ತಾರೆ ಎಂದುಕೊಳ್ಳೋಣ, ದಿನಕ್ಕೆ 10. ಐದೇ ದಿನದಲ್ಲಿ ಅಷ್ಟೇ ಆದಾಯ ಬರಬೇಕಾದರೆ ದಿನಕ್ಕೆ 12 ಹೊಲಿಯಬೇಕು, ಇಲ್ಲವೇ ಪ್ರತಿ ಶರ್ಟಿನ ಕೂಲಿ ಶೇ. 20ರಷ್ಟು ಹೆಚ್ಚಬೇಕು. ಮೊದಲನೆಯದರ ಭಾರ ಕೆಲಸಗಾರನ ಬೆನ್ನಿನ ಮೇಲೆ, ಎರಡನೆಯದರ ಭಾರ ಮಾಲೀಕ ಅಥವಾ ಗಿರಾಕಿಯ ಮೇಲೆ ಬೀಳುತ್ತದೆ. ತಿಂಗಳ ಸಂಬಳದ ಆಪಾಗೆ ವರವಾಗುವ ರಜೆ ಅಬ್ಬಾಗೆ ನಷ್ಟವಾಗುವುದು ಹೀಗೆ.

ಆದ್ದರಿಂದ ಸಂಬಳ ಕಡಿತವಿಲ್ಲದೆ ಗಂಟೆಗಳನ್ನು ಇಳಿಸುವುದು ಒಳ್ಳೆಯದೇ. ಆದರೆ ಅದನ್ನು ಜಾರಿಗೆ ತರುವಾಗ ಪೀಸ್ ರೇಟಿನವರ ಕೂಲಿ ದರವನ್ನೂ ಜೊತೆಗೇ ಏರಿಸಬೇಕು. ಇಲ್ಲದಿದ್ದರೆ ಅದು ಸಂಬಳದಾರರಿಗೆ ಮಾತ್ರ ಸಿಗುವ ಸೌಲಭ್ಯವಾಗುತ್ತದೆ. ನಿಮ್ಮ ಮನೆಯಲ್ಲಿ ದುಡಿಯುವವರನ್ನೂ ಒಮ್ಮೆ ಕೇಳಿ ನೋಡಿ: ಅವರಿಗೆ ಕೂಲಿ ದಿನದ ಲೆಕ್ಕವೋ, ಪೀಸಿನ ಲೆಕ್ಕವೋ?