ಮಾಹಿತಿ ಹಕ್ಕು: ಅರ್ಜಿ ಶುಲ್ಕ ಮತ್ತು ನಕಲು ಶುಲ್ಕದ ಲೆಕ್ಕ

ಪಾಠದ ಉದ್ದೇಶ: ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ನಾಗರಿಕರು ಯಾವ ಹಂತದಲ್ಲಿ ಎಷ್ಟು ಶುಲ್ಕ ಪಾವತಿಸಬೇಕು, ಯಾವಾಗ ಪಾವತಿಸಬೇಕಾಗಿಲ್ಲ ಎಂಬುದನ್ನು ಸಾರ್ವಜನಿಕರಿಗೂ ಕಚೇರಿ ಸಿಬ್ಬಂದಿಗೂ ತಿಳಿಸುವುದು. ಅರ್ಜಿ ಶುಲ್ಕ ತೆತ್ತರೆ ಸಾಕೆಂದು ಭಾವಿಸಿ, ನಂತರ ಬಂದ ಶುಲ್ಕದ ಪತ್ರವನ್ನು ಕಡೆಗಣಿಸಿದರೆ ಕೋರಿದ ಮಾಹಿತಿಯು ಕಡತದಲ್ಲಿಯೇ ಉಳಿಯುತ್ತದೆ.

1. ಎರಡು ಬಗೆಯ ಶುಲ್ಕ

ಕರ್ನಾಟಕದ ನಿಯಮಗಳಂತೆ ಅರ್ಜಿ ಶುಲ್ಕ 10 ರೂಪಾಯಿ. ಇದನ್ನು ಅಂಚೆ ಆರ್ಡರ್, ಡಿಮ್ಯಾಂಡ್ ಡ್ರಾಫ್ಟ್ ಅಥವಾ ನಗದಿನ ರೂಪದಲ್ಲಿ ಸಲ್ಲಿಸಬಹುದು. ನಗದು ನೀಡಿದವರು ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು. ದಾಖಲೆಯ ನಕಲಿಗೆ ಎ-4 ಅಳತೆಯ ಪುಟವೊಂದಕ್ಕೆ 2 ರೂಪಾಯಿ ಪ್ರತ್ಯೇಕವಾಗಿ ಸಲ್ಲುತ್ತದೆ. ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳೊಳಗಿರಬೇಕು.

ಶುಲ್ಕವು ನ್ಯಾಯೋಚಿತವಾಗಿರಬೇಕೆಂಬುದು ಅಧಿನಿಯಮದ ಆಶಯ. 2018ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅರ್ಜಿ ಶುಲ್ಕ 50 ರೂಪಾಯಿಗಳನ್ನೂ ಪುಟವೊಂದರ ಶುಲ್ಕ 5 ರೂಪಾಯಿಗಳನ್ನೂ ಸಾಮಾನ್ಯವಾಗಿ ಮೀರಬಾರದೆಂದು ಹೇಳಿದೆ.

2. ಉದಾಹರಣೆ

ಮೈಸೂರು ನಗರದ ಕುಂಬಾರಕೊಪ್ಪಲಿನ ನಿವಾಸಿಯೊಬ್ಬರು ತಮ್ಮ ಬೀದಿಯ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ ಹಾಗೂ ಬಿಲ್ಲುಗಳ ನಕಲು ಕೋರಿದರೆಂದು ಭಾವಿಸೋಣ. ಆ ಪ್ರದೇಶವು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿರುವುದರಿಂದ ಅರ್ಜಿ ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸಲ್ಲಬೇಕು. ಅದು ಜಿಲ್ಲಾ ಪಂಚಾಯಿತಿಗೆ ಬಂದಲ್ಲಿ ಹಿಂದಿರುಗಿಸದೆ, ಪ್ರಕರಣ 6(3)ರಂತೆ 5 ದಿನಗಳೊಳಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸತಕ್ಕದ್ದು.

ದಾಖಲೆ 40 ಪುಟಗಳಿದ್ದರೆ ನಕಲು ಶುಲ್ಕ 80 ರೂಪಾಯಿ; ಅರ್ಜಿ ಶುಲ್ಕವೂ ಸೇರಿ ಒಟ್ಟು 90 ರೂಪಾಯಿ. ನಕಲು ಶುಲ್ಕ ಕೋರುವ ಪತ್ರದಲ್ಲಿ ಲೆಕ್ಕದ ವಿವರ, ಶುಲ್ಕದ ಮರುಪರಿಶೀಲನೆ ಕೋರುವ ಹಕ್ಕು ಹಾಗೂ ಮೇಲ್ಮನವಿ ಪ್ರಾಧಿಕಾರದ ವಿವರಗಳಿರಬೇಕು.

3. ದಿನಗಳ ಲೆಕ್ಕ

ಮಾಹಿತಿ ನೀಡಲು 30 ದಿನಗಳ ಅವಧಿಯಿದೆ. ಶುಲ್ಕದ ಪತ್ರ ರವಾನೆಯಾದಂದಿನಿಂದ ಹಣ ಪಾವತಿಯಾಗುವವರೆಗಿನ ದಿನಗಳು ಇದರಲ್ಲಿ ಸೇರುವುದಿಲ್ಲ. 10 ದಿನಗಳು ಕಳೆದ ಮೇಲೆ ಪತ್ರ ರವಾನೆಯಾಗಿ, ಅರ್ಜಿದಾರರು 15 ದಿನ ತಡವಾಗಿ ಹಣ ಕಟ್ಟಿದರೆ, ಪಾವತಿಯ ನಂತರ ಕಚೇರಿಗೆ 20 ದಿನಗಳು ಉಳಿದಿರುತ್ತವೆ. ಆದ್ದರಿಂದ ಪತ್ರ ಕೈಸೇರಿದೊಡನೆ ಹಣ ಕಟ್ಟುವುದು ಅರ್ಜಿದಾರರಿಗೇ ಹಿತ.

4. ಶುಲ್ಕವಿಲ್ಲದ ಸಂದರ್ಭಗಳು

ಅ) ಬಡತನ ರೇಖೆಗಿಂತ ಕೆಳಗಿನವರು ಆಧಾರ ದಾಖಲೆ ಲಗತ್ತಿಸಿದಲ್ಲಿ ಅರ್ಜಿ ಶುಲ್ಕ ಪಡೆಯತಕ್ಕದ್ದಲ್ಲ.

ಆ) ನಿಗದಿತ ಅವಧಿ ಮೀರಿದಲ್ಲಿ, ಪ್ರಕರಣ 7(6)ರಂತೆ ಮಾಹಿತಿಯನ್ನು ಉಚಿತವಾಗಿ ಒದಗಿಸತಕ್ಕದ್ದು. ಅವಧಿ ಮುಗಿದ ಬಳಿಕ ನಕಲು ಶುಲ್ಕದ ಪತ್ರ ಕಳುಹಿಸಲು ಅವಕಾಶವಿಲ್ಲ.

5. ಶುಲ್ಕ ಅಧಿಕವೆನಿಸಿದಲ್ಲಿ

ಪತ್ರ ಸ್ವೀಕರಿಸಿದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದು. ಅಸಮಂಜಸ ಶುಲ್ಕದ ಬಗ್ಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ದೂರು ನೀಡಲೂ ಪ್ರಕರಣ 18ರಲ್ಲಿ ಅವಕಾಶವಿದೆ.

ಅಭ್ಯಾಸ: ಅರ್ಜಿ ತಲುಪಿ 25 ದಿನಗಳು ಕಳೆದ ಮೇಲೆ 60 ಪುಟಗಳಿಗೆ ಶುಲ್ಕ ಕೋರಿ ಪತ್ರ ರವಾನೆಯಾಗಿದೆ. ಕಟ್ಟಬೇಕಾದ ನಕಲು ಶುಲ್ಕವೆಷ್ಟು? ಪಾವತಿಯ ನಂತರ ಕಚೇರಿಗೆ ಉಳಿಯುವ ದಿನಗಳೆಷ್ಟು?

ಉತ್ತರ: 120 ರೂಪಾಯಿ, 5 ದಿನಗಳು.