ಅಜ್ಜಿಯ ಪಕ್ಕ ಕೂತು ಬರೆದಿಡಿ

ಕೊಪ್ಪದ ಕಡೆ ಎಷ್ಟೋ ಮನೆಗಳ ಗೋಡೆಯಲ್ಲಿ ಹಳೇ ಫೋಟೊ ಇರುತ್ತದೆ. ಅದರಲ್ಲಿರುವವರ ಹೆಸರು ಗೊತ್ತಿರುವುದು ಅಜ್ಜಿಗೆ ಮಾತ್ರ. ಇವತ್ತೇ ಪಕ್ಕ ಕೂತು ಕೇಳಿ, ಫೋಟೊ ಹಿಂಬದಿಗೆ ಪೆನ್ಸಿಲ್‌ನಲ್ಲಿ ಮೆತ್ತಗೆ ಬರೆಯಿರಿ. ಪೆನ್ನು ಬೇಡ, ಶಾಯಿ ಇಳಿಯುತ್ತದೆ. ನಾಡಕಚೇರಿಯ ವಂಶವೃಕ್ಷ ಪತ್ರ ಖಾತೆ ಬದಲಾವಣೆಗೆ ನೆರವಾಗುತ್ತದೆ, ಅಷ್ಟೇ. ಹುಣಸೂರಿಗೆ ಮದುವೆಯಾಗಿ ಹೋದ ಸೋದರತ್ತೆಯ ಕಥೆ ಅದರಲ್ಲಿ ಸಿಗದು. ಮನೆತನದ ತಲೆಮಾರು ಹೇಳುವ ಹೆಳವರು ಬಂದರೆ ಬರೀ ಕಾಳು ಕೊಟ್ಟು ಕಳಿಸಬೇಡಿ, ಕೂರಿಸಿ, ಕೇಳಿಕೊಂಡು ಫೋನಿನಲ್ಲಿ ಧ್ವನಿ ಹಿಡಿದಿಡಿ.

ಮನೆಯ ಕಥೆಯಂತೆ ಊರಿನ ಕಥೆಯೂ ಕಲ್ಲಿನ ಶಾಸನಗಳಲ್ಲಿ ಸಿಗಬಹುದು. ಹುಣಸೂರು ಸೀಮೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1898ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಶಾಸನ ಸಂಪುಟದಲ್ಲಿ ಅಚ್ಚು ಹಾಕಿಸಿದರು. ನಿಮ್ಮ ಹೊಲದ ಬದುವಿನ ಕಲ್ಲು ಅದರಲ್ಲಿದೆಯೇ, ಹುಡುಕಿ. ದಯವಿಟ್ಟು ಕಲ್ಲಿಗೆ ಬಣ್ಣ ಬಳಿಯಬೇಡಿ. ಬೆಳಗಿನ ಓರೆ ಬಿಸಿಲಲ್ಲಿ ಫೋಟೊ ತೆಗೆಯಿರಿ; ಸವೆದ ಅಕ್ಷರವೂ ಎದ್ದು ಕಾಣುತ್ತದೆ.